ಗಡ್ಡ ಕಂಡ ಮೇಲೆ ಗುಂಡು

ಉಲ್ಹಾಸನಗರ
7 ನವೆಂಬರ್ 2024, ಗುರುವಾರ

ಪ್ರೀತಿಯ ಅಕ್ಕ,

ದೀಪಾವಳಿಯ ಭಾವುಬೀಜದ ದಿನ ನಿನ್ನಲ್ಲಿಗೆ ಊಟಕ್ಕೆ ಬರುತ್ತೇನೆ ಎಂದಿದ್ದೆ, ಬರಲಿಲ್ಲ. ಆ ಭಾನುವಾರ ಬೆಳಿಗ್ಗೆ ಫಾರ್ಮಿನಲ್ಲಿ ಒಂದು ನವಿಲು ಸತ್ತಿತು. ಮಧ್ಯಾಹ್ನದ ಹೊತ್ತಿಗೆ ರಾಯರ ಮನೆಯವರು ನನ್ನನ್ನು ಈ ಕೋಣೆಗೆ ತಂದು ಬಿಟ್ಟರು. ಮೂರನೆಯ ಮಾಳಿಗೆ, ಒಂದು ಮಂಚ, ಒಂದು ಕಿಟಕಿ. ನನಗೇನೂ ಆಗಿಲ್ಲ. ಫೋನ್ ವಿಶ್ರುತಣ್ಣನ ಹತ್ತಿರ ಇದೆ, ಲೊಕೇಶನ್ ಗೊತ್ತಾಗುತ್ತದೆ ಎಂದು ತೆಗೆದುಕೊಂಡಿದ್ದಾನೆ. ಹಾಗಾಗಿ ಈ ಕಾಗದ. ನಾವಿಬ್ಬರೂ ತುಳುವಿನಲ್ಲಿ ಜಗಳ ಮಾಡಿದವರೇ ಹೊರತು ಕಾಗದ ಬರೆದುಕೊಂಡವರಲ್ಲ. ಕನ್ನಡ ಶಾಲೆಯಲ್ಲಿ ಬೆತ್ತ ತೋರಿಸಿ ಕಲಿಸಿದ ಪತ್ರಲೇಖನ ಈಗ ಉಪಯೋಗಕ್ಕೆ ಬಂತು. ಮ್ಯಾನೇಜರ್ ಲಕ್ಷ್ಮೀಕಾಂತಣ್ಣ ನೌಪಾಡಾದ ರಾಯರ ಹೋಟೆಲಿನಿಂದ ನನಗೆ ಊಟದ ಡಬ್ಬಿ ತರುತ್ತಾರೆ. ಹಿಂದೆ ಹೋಗುವಾಗ ಡೊಂಬಿವಲಿಯಲ್ಲಿ ಇಳಿದು ಇದನ್ನು ನಿನಗೆ ಕೊಡುತ್ತಾರಂತೆ. ಉತ್ತರವನ್ನೂ ಅವರ ಕೈಯಲ್ಲೇ ಕೊಡು.

ಫಾರ್ಮ್ ಎಂದರೆ ತರಕಾರಿ ಎಂದು ನೀನು ತಿಳಿದುಕೊಂಡಿದ್ದೆ. ನಾನು ತಿದ್ದಲಿಲ್ಲ. ಬದಲಾಪುರದ ಆಚೆ ಗುಡ್ಡದ ಬುಡದಲ್ಲಿ ರಾಯರ ಕುರುಚಲು ಜಾಗ ಉಂಟಲ್ಲ, ಅದರಲ್ಲಿ ವಿಶ್ರುತಣ್ಣ ಹೋದ ವರ್ಷದಿಂದ ಟರ್ಕಿ ಕೋಳಿ ಬಿಟ್ಟಿದ್ದಾನೆ. ಅಮೆರಿಕದಲ್ಲಿ ಕಾಡು ಟರ್ಕಿಯ ಬೇಟೆ ಎಂದರೆ ದೊಡ್ಡ ಶೋಕಿಯಂತೆ. ವಿಡಿಯೋ ನೋಡಿ ನೋಡಿ, ಹೊಸಬರಿಗೆಂದೇ ಬರೆದ ಒಂದು ಇಂಗ್ಲಿಷ್ ಪುಸ್ತಕ ತರಿಸಿ, ಅದನ್ನೇ ಇಲ್ಲಿ ಶುರು ಮಾಡಿದ. ಭಾನುವಾರ ವಾಶಿ, ಖಾರ್ಘರ್ ಕಡೆಯ ಆಫೀಸಿನವರು ಬರುತ್ತಾರೆ. ಎಲೆ ಬಣ್ಣದ ಅಂಗಿ ತೊಟ್ಟು, ಏರ್‌ಗನ್ ಹಿಡಿದು ಮರಕ್ಕೆ ಒರಗಿ ಕೂರುತ್ತಾರೆ. ಕೋಳಿಗಳು ಕಲ್ಯಾಣದ ಪೌಲ್ಟ್ರಿಯವು. ಗೆಸ್ಟುಗಳಿಗೆ ಮಾತ್ರ ಅವು ಕಾಡಿನವು. ರಾಯರಿಗೆ ಇದು ಗೊತ್ತಿತ್ತೋ ಇಲ್ಲವೋ. 'ಶುದ್ಧ ಸಸ್ಯಾಹಾರಿ' ಎಂಬ ಬೋರ್ಡಿನ ಕೆಳಗೆ ಕೂರುವ ಅಪ್ಪನಿಗೆ ಮಗ ಹೇಳಿರಲಾರ.

ಗೆಸ್ಟುಗಳಿಗೆ ಪಾಠ ಮಾಡುವ ಮಾಸ್ತರ ನಾನು, ನಗಬೇಡ. ನಿಮ್ಮ ಭುಜಕ್ಕಿಂತ ಅಗಲದ ಮರ ನೋಡಿ ಒರಗಿ ಸಾರ್, ಹಿಂದಿನಿಂದ ಯಾರಾದರೂ ನಿಮ್ಮನ್ನೇ ಕೋಳಿ ಎಂದುಕೊಂಡರೆ ಮರ ಅಡ್ಡ ಇರಲಿ. ಕೆಂಪು, ಬಿಳಿ, ನೀಲಿ ಒಂದು ಕರ್ಚೀಫೂ ಬೇಡ, ಗಂಡು ಟರ್ಕಿಯ ತಲೆ ಆ ಮೂರು ಬಣ್ಣದ್ದು. ಅಲುಗಬೇಡಿ. ಅದರ ಕಣ್ಣು ನಮ್ಮ ರಾಯರ ಕಣ್ಣಿನ ಹಾಗೆ, ಹೋಟೆಲಿನ ಗಲ್ಲಾಪೆಟ್ಟಿಗೆಯ ಮುಂದೆ ಕೂತೇ ಬೆನ್ನ ಹಿಂದಿನ ಟೇಬಲ್ ಕಾಣುತ್ತದೆ. ಗಂಡಿನ ಎದೆಯಿಂದ ಒಂದು ಕೂದಲ ಕುಚ್ಚು ನೇತಾಡುತ್ತದೆ, ಅದಕ್ಕೆ ಗಡ್ಡ ಎನ್ನುತ್ತಾರೆ. ಅದು ಸ್ಪಷ್ಟವಾಗಿ ಕಾಣುವವರೆಗೆ ಟ್ರಿಗರ್ ಮುಟ್ಟಬಾರದು. 'ಗಡ್ಡ ಕಂಡ ಮೇಲೆ ಗುಂಡು' ಎಂದು ಎಲ್ಲರಿಂದಲೂ ಒಮ್ಮೆ ಹೇಳಿಸುತ್ತೇನೆ. ಆಮೇಲೆ ನಾನು ಪೊದೆಯಲ್ಲಿ ಅಡಗಿ ಹೆಣ್ಣು ಟರ್ಕಿಯಂತೆ ಕೂಗುತ್ತೇನೆ. ಲೋಕಲ್‌ನಲ್ಲಿ ಅನೌನ್ಸ್‌ಮೆಂಟಿನ ಹೆಂಗಸಿನ ಧ್ವನಿ ಮಾಡಿ ನಿನ್ನನ್ನು ಡೊಂಬಿವಲಿಗೆ ಒಂದು ಸ್ಟೇಷನ್ ಮೊದಲು ಕೋಪರ್‌ನಲ್ಲೇ ಇಳಿಸಿದ್ದೆನಲ್ಲ, ಅದೇ ವಿದ್ಯೆ.

ಸಂಜೆ ಉಳಿದ ಕೋಳಿಗಳನ್ನು ಹಿಡಿಯುವುದಕ್ಕೂ ಆ ಪುಸ್ತಕದಲ್ಲಿ ಒಂದು ಹಳೆಯ ಉಪಾಯ ಇತ್ತು. ಬಿದಿರಿನ ಗೂಡು, ಅದರ ಗೋಡೆಯ ಕೆಳಗೆ ಒಳಕ್ಕೆ ನುಗ್ಗುವಷ್ಟು ತೋಡಿದ ಒಂದು ಸಣ್ಣ ಅಗಳು, ಅಗಳಿನ ಉದ್ದಕ್ಕೂ ಜೋಳ. ಕೋಳಿ ತಲೆ ತಗ್ಗಿಸಿ ಜೋಳ ಹೆಕ್ಕುತ್ತಾ ಒಳಗೆ ಬರುತ್ತದೆ. ಬಂದ ಮೇಲೆ ತಲೆ ಎತ್ತಿ, ಗೋಡೆಗುಂಟ ಸುತ್ತಿ ಸುತ್ತಿ ದಾರಿ ಹುಡುಕುತ್ತದೆ. ಬಂದ ದಾರಿ ಕಾಲ ಬುಡದಲ್ಲೇ ತೆರೆದಿರುತ್ತದೆ. ಒಂದೂ ಕೆಳಗೆ ನೋಡುವುದಿಲ್ಲ. ಅಷ್ಟು ಪೆದ್ದು.

ಆ ದಿನ ಗೆಸ್ಟುಗಳಿಗೆ ಮಾಡಿ ತೋರಿಸಲು ವಿಶ್ರುತಣ್ಣನೇ ಗನ್ ಹಿಡಿದಿದ್ದ. ಪೊದೆಯ ಮೇಲೆ ನೀಲಿ ತಲೆ ಕಂಡಿತು, ಹೊಡೆದ. ಹೋಗಿ ನೋಡಿದರೆ ನವಿಲು. ಈ ತಿಂಗಳಲ್ಲಿ ಅದರ ಉದ್ದ ಗರಿಯೆಲ್ಲ ಉದುರಿರುತ್ತದೆ. ಹೊಸಬನಿಗೆ ತಿಳಿಯದೆ ಇರಬಹುದು, ಅವನಿಗೂ ತಿಳಿಯಲಿಲ್ಲ. 'ಎತ್ಕೊಂಡ್ ಬಾ' ಎಂದ. ನಾನು ಎತ್ತಿದೆ. ಅದನ್ನು ಒಬ್ಬ ಗೆಸ್ಟ್ ಮೊಬೈಲಿನಲ್ಲಿ ಹಿಡಿದಿದ್ದಾನೆ. ಆದ ಎಡವಟ್ಟು ಅಷ್ಟೇ.

ಒಂದು ವಾರದಲ್ಲಿ ಎಲ್ಲ ತಣ್ಣಗಾಗುತ್ತದೆ ಎಂದಿದ್ದಾರೆ. ಓದಲು ಏನಾದರೂ ಕಳಿಸು, ದಪ್ಪದ್ದಾದರೂ ಪರವಾಗಿಲ್ಲ.

ನಿನ್ನ ತಮ್ಮ,
ಯಶ್ವಂತ್


ಡೊಂಬಿವಲಿ ಪೂರ್ವ
10 ನವೆಂಬರ್ 2024

ಯಶ್ವಂತ್,

ನಿನ್ನ ಪತ್ರ ಬಂತು. ಇಲ್ಲಿ ಎಲ್ಲ ಎಂದಿನಂತೆ ಇದೆ. ಯಾರೂ ಬಂದಿಲ್ಲ, ಯಾರೂ ನಿನ್ನನ್ನು ಕೇಳಿಲ್ಲ.

ಊಟ ಸರಿಯಾಗಿ ಮಾಡು. ಆಸಿಡಿಟಿಯ ಮಾತ್ರೆ ಕಳಿಸಿದ್ದೇನೆ. ಒಂದು ಕಾದಂಬರಿ ಇಟ್ಟಿದ್ದೇನೆ, ಅನುವಾದ ಚೆನ್ನಾಗಿದೆ, ಮೊದಲ ಐವತ್ತು ಪುಟ ತಾಳ್ಮೆ ಬೇಕು.

ಇನ್ನು ಮುಂದೆ ಹಕ್ಕಿಗಳ ವಿಷಯ ನನಗೆ ಬರೆಯಬೇಡ. ಆರೋಗ್ಯದ ಬಗ್ಗೆ ಎರಡು ಸಾಲು ಬರೆದರೆ ಸಾಕು. ರಾಯರು ಹೇಳಿದಂತೆ ಇರು.

ರಮಿತಾ


ಉಲ್ಹಾಸನಗರ
13 ನವೆಂಬರ್ 2024

ಅಕ್ಕ,

ನಿನ್ನ ಕಾಗದವನ್ನು ಬಹಳ ಸಲ ಓದಿದೆ. ಬಹಳ ಸಲ ಓದುವಷ್ಟು ಅದರಲ್ಲಿ ಏನೂ ಇರಲಿಲ್ಲ. ನಿನಗೆ ಅಸಹ್ಯ ಆಗಿದೆ ಎಂದು ಗೊತ್ತಾಯಿತು. ನವಿಲು ನೀನು ಚಿಕ್ಕಂದಿನಿಂದ ಗೋಡೆಗೆ ಅಂಟಿಸಿಕೊಂಡ ಹಕ್ಕಿ. ಅದನ್ನು ಎತ್ತಿದ ಕೈ ನಿನ್ನ ತಮ್ಮನದ್ದು. ಸರಿ, ಹಕ್ಕಿಯ ವಿಷಯ ಬರೆಯುವುದಿಲ್ಲ.

ಕಾದಂಬರಿ ಶುರು ಮಾಡಿದೆ. ಅದರಲ್ಲಿ ಒಬ್ಬೊಬ್ಬನಿಗೆ ಮೂರು ಮೂರು ಹೆಸರು. ಯಾರು ಯಾರ ಮಾವ ಎಂದು ತಿಳಿಯುವಷ್ಟರಲ್ಲಿ ಮಾವ ಸತ್ತ.

ಒಂದು ವಾರ ಎಂದದ್ದು ಈಗ ಎಲೆಕ್ಷನ್ ಮುಗಿಯಲಿ ಎಂದಾಗಿದೆ. ಫಾರೆಸ್ಟ್ ಆಫೀಸಿನವರೆಲ್ಲ ಆ ಡ್ಯೂಟಿಯಲ್ಲಿ ಇದ್ದಾರಂತೆ. ಬಾಗಿಲಿಗೆ ಬೀಗ ಇಲ್ಲ, ಅಕ್ಕ. ಅದೇ ವಿಚಿತ್ರ. ನಾನೇ ಒಳಗಿನಿಂದ ಚಿಲಕ ಹಾಕಿಕೊಳ್ಳುತ್ತೇನೆ. ಮೆಟ್ಟಿಲಲ್ಲಿ ಸದ್ದಾದರೆ ಫ್ಯಾನ್ ಆರಿಸುತ್ತೇನೆ. ಕೆಳಗೆ ಗುಲ್ಶನ್ ಗಾರ್ಮೆಂಟ್ಸ್ ಎಂದು ಜೀನ್ಸ್ ಹೊಲಿಯುವ ಕಾರ್ಖಾನೆ. ಅಲ್ಲಿಯ ಕಟಿಂಗ್ ಮಾಸ್ಟರ್ ಮುಂಡಪ್ಪ ಎಂಬವರು ಕಲಬುರ್ಗಿ ಕಡೆಯವರು. ನೀರು ತುಂಬಲು ಇಳಿದಾಗ ಮಾತಾಡಿಸುತ್ತಾರೆ. 'ಏನ್ರೀ ಸಾಹೇಬ್ರ, ಮೂರ್ ಮಾಳಿಗಿ ಇಳಿದು ಒಂದ್ ಚಾ ಕುಡ್ಯಾಕೂ ಬರಂಗಿಲ್ಲೇನ್? ಯಾರ್ ಕಟ್ಟಿ ಹಾಕ್ಯಾರ ನಿಮ್ನ?' ಎಂದರು. ಹುಷಾರಿಲ್ಲ ಎಂದೆ. 'ಹುಷಾರಿಲ್ದವ್ರು ಹಿಂಗ ಗೂಬಿ ಹಂಗ ಕಿಟಕ್ಯಾಗ ಕೂಡಂಗಿಲ್ಲ ಬಿಡ್ರಿ' ಎಂದು ನಕ್ಕರು.

ನಿನ್ನೆ ರಾಯರು ಬಂದಿದ್ದರು. ಅಷ್ಟು ಮೆಟ್ಟಿಲು ಹತ್ತಿ, ಏದುಸಿರು ಬಿಡುತ್ತಾ. ಮಂಚದ ಮೇಲೆ ಕೂರಿ ಎಂದರೆ ಕೂರಲಿಲ್ಲ. ಗೋಡೆಗೆ ಕೈಕೊಟ್ಟು ನಿಂತೇ ಮಾತಾಡಿದರು.

'ಊಟ ಸರಿ ಬರ್ತದಾ? ಸಾಂಬಾರಿಗೆ ಖಾರ ಕಮ್ಮಿ ಮಾಡ್ಲಿಕ್ಕೆ ಹೇಳಿದ್ದೇನೆ, ನಿನಗೆ ಆಗೋದಿಲ್ಲ ಅಂತ.'

'ಬರ್ತದೆ ರಾಯರೇ.'

'ನೋಡು ಯಶ್ವಂತ, ನಾನು ಸುತ್ತಿ ಬಳಸಿ ಮಾತಾಡುವವನಲ್ಲ. ವಿಶ್ರುತನ ಹೆಸರು ಹೊರಗೆ ಬಂದ್ರೆ ನಾಳೆ ನಮ್ಮ ಹೋಟೆಲಿಗೆ ಯಾರು ಬರ್ತಾರೆ? ನವಿಲು ಕೊಂದವರ ಮನೆಯ ಇಡ್ಲಿ ಯಾರಿಗೆ ಬೇಕು? ಮಠದವರಿಗೆ ನಾನು ಎಂತ ಮುಖ ತೋರಿಸಲಿ? ನಿನ್ನದಾದ್ರೆ ಹಾಗಲ್ಲ. ನಿಮ್ಮಲ್ಲಿ ಕೋಳಿ, ಶಿಕಾರಿ ಎಲ್ಲ ಮೊದಲಿಂದಲೂ ಇದ್ದದ್ದೇ ಅಲ್ವಾ? ಯಾರಿಗೂ ಆಶ್ಚರ್ಯ ಆಗೋದಿಲ್ಲ.'

ಸಿಟ್ಟಿನಿಂದ ಹೇಳಲಿಲ್ಲ ಅಕ್ಕ. ಪ್ರೀತಿಯಿಂದಲೇ ಹೇಳಿದರು. ಆಮೇಲೆ ಕಣ್ಣು ಒರೆಸಿಕೊಂಡರು. 'ನಿನ್ನ ಅಪ್ಪ ನನ್ನ ಕಲ್ಲಿನ ಮುಂದೆ ಮೂವತ್ತು ವರ್ಷ ದೋಸೆ ಹುಯ್ದ. ನನ್ನ ಮಾತಿಗೆ ಒಂದು ದಿನ ಇಲ್ಲ ಅನ್ನಲಿಲ್ಲ' ಎಂದರು. ಬಾಗಿಲಲ್ಲಿ ವಿಶ್ರುತಣ್ಣ ನಿಂತಿದ್ದ. 'ಅರೇ ಯಾರ್, ಬರೀ ಪೇಪರ್‌ವರ್ಕ್. ವಕೀಲ್ ಅಪ್ನಾ ಹೈ. ಬೇಲ್ ಆಗ್ತದೆ, ಏಕ್ ದೋ ಮಹೀನಾ, ಬಸ್.'

ನಾನೊಬ್ಬನೇ ಗನ್ ಕದ್ದು ಹೋಗಿ ಮಾಂಸಕ್ಕೆ ಹೊಡೆದೆ ಎಂದು ಹೇಳಿ ಶರಣಾಗಬೇಕಂತೆ. ಆಲೋಚನೆ ಮಾಡುತ್ತೇನೆ ಎಂದಿದ್ದೇನೆ. ಆಲೋಚನೆ ಮಾಡುವುದು ಏನೂ ಉಳಿದಿಲ್ಲ. 'ರಾಯರು ಹೇಳಿದಂತೆ ಇರು' ಎಂದು ನೀನೇ ಬರೆದಿದ್ದೀ.

ಯಶ್ವಂತ್


ಡೊಂಬಿವಲಿ ಪೂರ್ವ
15 ನವೆಂಬರ್ 2024

ಪ್ರೀತಿಯ ಯಶ್ವಂತ್,

ಇದನ್ನು ಅಂಚೆಯಲ್ಲಿ, ಗುಲ್ಶನ್ ಗಾರ್ಮೆಂಟ್ಸ್‌ನ ಮುಂಡಪ್ಪನವರ ಹೆಸರಿಗೆ ಕಳಿಸುತ್ತಿದ್ದೇನೆ. ಲಕ್ಷ್ಮೀಕಾಂತಣ್ಣನಿಗೆ ತಿಳಿಯುವುದು ಬೇಡ. ನಿನ್ನ ಉತ್ತರವೂ ಅಂಚೆಯಲ್ಲೇ ಬರಲಿ.

ನಿನ್ನ ಮೊದಲ ಲಕೋಟೆಯ ಬಾಯಿ ಬಿಚ್ಚಿದಾಗ ಅಂಟಿನ ಮೇಲೆ ಒಂದು ಅನ್ನದ ಅಗುಳು ಒಣಗಿ ಕೂತಿತ್ತು. ನೀನು ಅನ್ನದಲ್ಲಿ ಅಂಟಿಸುವವನಲ್ಲ. ನಾಲಗೆಯಲ್ಲಿ ನೆಕ್ಕುತ್ತೀ. ನಿನ್ನ ಎರಡನೆಯದ್ದೂ ಹಾಗೆಯೇ ಇತ್ತು. ಮೊದಲಿನದನ್ನು ದಾರಿಯಲ್ಲಿ ಬಿಚ್ಚಿ ಓದಿದವರಿಗಾಗಿ ನಾನು ಹತ್ತನೇ ತಾರೀಕು ಬರೆದೆ. ನೀನು ಅದನ್ನು ನಿನಗೆಂದು ತಿಳಿದುಕೊಂಡೆ. ತಪ್ಪು ನನ್ನದು. ನನಗೆ ಅಸಹ್ಯ ಆಗಿಲ್ಲ. ಭಯ ಆಗಿದೆ.

ಅದರಲ್ಲಿ ಬರೆದದ್ದು ನಿಜವಲ್ಲ. ಐದನೇ ತಾರೀಕು ಅರಣ್ಯ ಇಲಾಖೆಯ ಇಬ್ಬರು ಮನೆಗೆ ಬಂದರು. ಚಪ್ಪಲಿ ಹೊರಗೆ ಬಿಟ್ಟೇ ಒಳಗೆ ಬಂದರು. ವಯಸ್ಸಾದವರು ನೀರು ಕುಡಿದು, 'ತಾಈ, ಭಾವಾಲಾ ಸಾಂಗಾ, ಸ್ವತಃ ಯೇ' ಎಂದರು. ತಮ್ಮನಿಗೆ ಹೇಳಿ, ತಾನಾಗಿ ಬರಲಿ. ನನಗೆ ಗೊತ್ತಿಲ್ಲ ಎಂದೆ, ಅವತ್ತು ನಿಜವಾಗಿ ಗೊತ್ತಿರಲಿಲ್ಲ. ಮರಾಠಿ ಪೇಪರಿನಲ್ಲಿ ನಿನ್ನ ಹೆಸರು ಬಂದಿದೆ. ತಲೆಮರೆಸಿಕೊಂಡ ಬೇಟೆಗಾರ ಎಂದು. ಯಶ್ವಂತ್, ನೀನು ಆ ಕೋಣೆಯಲ್ಲಿ ಕೂತ ಒಂದೊಂದು ದಿನವೂ ಆ ಮಾತಿಗೆ ಸಾಕ್ಷಿ ಹೇಳುತ್ತಿದೆ. ಅವರು ನಿನ್ನನ್ನು ಅಡಗಿಸಿಟ್ಟದ್ದು ನಿನಗಾಗಿ ಅಲ್ಲ.

ಮನೆಯ ಎದುರಿನ ವಡಾಪಾವ್ ಗಾಡಿಯ ಹತ್ತಿರ ಒಬ್ಬ ದಿನವೂ ನಿಲ್ಲುತ್ತಾನೆ. ಇಲಾಖೆಯವನೋ ರಾಯರ ಕಡೆಯವನೋ ತಿಳಿಯದು. ಅದಕ್ಕೇ ಅರ್ಧ ಗಂಟೆಯ ದಾರಿಯಾದರೂ ನಾನು ಬರುತ್ತಿಲ್ಲ.

ನಿನ್ನೆ ರಾಯರ ಹೆಂಡತಿ ಸತ್ಯಭಾಮಾ ಅಮ್ಮ ಬಂದಿದ್ದರು. ಹೋಳಿಗೆ ತಂದಿದ್ದರು. ಕಿಟಕಿಯ ಹತ್ತಿರ ನಿಂತು ಕೋಣೆಯನ್ನೆಲ್ಲ ನೋಡಿದರು.

'ರಮಿತಾ, ಈ ರೂಮಿನಲ್ಲಿ ಗಾಳಿ ಬೆಳಕು ಎಷ್ಟು ಚಂದ ಉಂಟು ಅಲ್ವಾ? ನಮ್ಮ ಸಣ್ಣವ ಅನೀಶನಿಗೆ ಮದುವೆ ಆದ್ಮೇಲೆ ಬೇಕಾಗಬಹುದು ಅಂತ ಇವರು ಒಮ್ಮೆ ಹೇಳಿದ್ರು. ನಾನೇ ಬೇಡ ಅಂದೆ. ಪಾಪ, ಆ ಹುಡುಗಿ ಎಲ್ಲಿಗೆ ಹೋಗ್ತಾಳೆ ಅಂತ.'

'ಹೌದು ಅಮ್ಮ.'

'ನೀವಿಬ್ಬರೂ ನಮ್ಮ ಮನೆಯ ಮಕ್ಕಳೇ. ತಮ್ಮನಿಗೆ ನೀನೊಂದು ಮಾತು ಹೇಳು. ನಿನ್ನ ಮಾತು ಅವನು ಮೀರುವುದಿಲ್ಲ.'

ಕೋಣೆ ರಾಯರ ಹೆಸರಿನಲ್ಲಿದೆ ಎಂಬುದನ್ನು ಅವರು ನೆನಪಿಸಲಿಲ್ಲ. ಹೋಳಿಗೆ ತಿಂದೆಯಾ ಎಂದು ಕೇಳಿ ಹೋದರು. ನಾನು ತಿಂದಿಲ್ಲ, ಇನ್ನೂ ಡಬ್ಬಿಯಲ್ಲಿದೆ.

ಒಬ್ಬ ವಕೀಲರನ್ನು ಕೇಳಿದೆ. ನವಿಲಿಗೆ ಕಾನೂನಿನಲ್ಲಿ ಹುಲಿಯ ಜಾಗವೇ ಕೊಟ್ಟಿದ್ದಾರೆ. ಕೊಂದದ್ದು ಸಾಬೀತಾದರೆ ಮೂರು ವರ್ಷಕ್ಕೆ ಕಡಿಮೆಯಿಲ್ಲ, ಏಳರವರೆಗೂ ಹೋಗಬಹುದು. ಒಂದೆರಡು ತಿಂಗಳ ಪೇಪರ್‌ವರ್ಕ್ ಅಲ್ಲ.

ಆ ವಿಡಿಯೋ ಎಲ್ಲರ ಮೊಬೈಲಿಗೂ ಬಂದಿದೆ. ಐರೋಲಿಯ ನಮ್ಮ ಆಫೀಸಿನ ಗ್ರೂಪಿಗೂ ಬಂತು. ಮೊದಲು ಬರೀ ಪೊದೆ ಕಾಣುತ್ತದೆ, ಕೊನೆಯಲ್ಲಿ ನೀನು ಹಕ್ಕಿಯನ್ನು ಎತ್ತುತ್ತೀ. ಎಲ್ಲರೂ ಕೊನೆಯನ್ನಷ್ಟೇ ನೋಡುತ್ತಾರೆ. ನಾನು ಮೊದಲಿಂದ ನೋಡಿದೆ. ಗುಂಡು ಹಾರುವ ಮೊದಲು ಆ ನವಿಲು ಕೂಗುತ್ತದೆ, ಪಾಪ. ಇಲ್ಲಿದ್ದೇನೆ ಎಂದು ತಾನೇ ಹೇಳಿಕೊಂಡ ಹಾಗೆ. ಅದನ್ನು ಕೇಳಿ ನಾನು ಆಫೀಸಿನ ಬಾತ್‌ರೂಮಿನಲ್ಲಿ ಅತ್ತೆ.

ನೀನು ಎಲ್ಲಿ ಕೂತಿದ್ದೆ, ನಿನ್ನ ಕೈಯಲ್ಲಿ ಏನಿತ್ತು, ಸರಿಯಾಗಿ ಬರೆ. ಹಕ್ಕಿಯ ವಿಷಯವನ್ನೇ ಬರೆ. ಅಲ್ಲಿಯವರೆಗೆ ರಾಯರಿಗೆ ಏನನ್ನೂ ಒಪ್ಪಬೇಡ.

ಅಕ್ಕ


ಉಲ್ಹಾಸನಗರ
19 ನವೆಂಬರ್ 2024

ಅಕ್ಕ,

ನಿನ್ನ ಕಾಗದವನ್ನು ಮುಂಡಪ್ಪನವರು ಪ್ಯಾಂಟುಗಳ ಮೂಟೆಯ ನಡುವೆ ಇಟ್ಟು ತಂದರು. 'ಹುಡುಗಿ ಕಾಗದ ಏನ್ರೀ?' ಎಂದು ಕಣ್ಣು ಹೊಡೆದರು. ಅಕ್ಕನದು ಎಂದೆ. 'ಹಂಗಾರ ಬೈದಿರ್ತಾರ, ಕೂತ್ಕೊಂಡ್ ಓದ್ರಿ' ಎಂದರು. ಕೂತೇ ಓದಿದೆ.

ತಡವಾಯಿತು. ಭಾನುವಾರ ರಾಯರಿಗೆ ಒಪ್ಪಿಗೆ ಕೊಟ್ಟುಬಿಟ್ಟೆ. ಸೋಮವಾರ, ಇಪ್ಪತ್ತೈದಕ್ಕೆ, ವಕೀಲರು ಕಾರಿನಲ್ಲಿ ಬಂದು ಕರೆದುಕೊಂಡು ಹೋಗುತ್ತಾರೆ. ಹೇಳಿಕೆಯನ್ನು ಅವರೇ ಬರೆದಿಟ್ಟಿದ್ದಾರೆ. ಓದಿಸಿದರು. ಅದರಲ್ಲಿ ನಾನು ಬಹಳ ಧೈರ್ಯದ ಕಳ್ಳ.

ನೀನು ಅತ್ತದ್ದು ಓದಿದ ಮೇಲೆ ಇನ್ನು ಮುಚ್ಚಿಡಲಾರೆ. ಅದು ನವಿಲಲ್ಲ. ಆ ಕೂಗು ನನ್ನದು.

ಮೊದಲ ಕಾಗದದಲ್ಲಿ ಇದನ್ನು ಬಿಟ್ಟೆ, ನಿನಗೆ ಹೇಳುವ ಬಾಯಿ ಬರಲಿಲ್ಲ. ಪೌಲ್ಟ್ರಿಯ ಕೋಳಿ ಸೋಮಾರಿ, ಎಲ್ಲೋ ನೆರಳಿನಲ್ಲಿ ಕೂತುಬಿಡುತ್ತದೆ. ಗೆಸ್ಟುಗಳು ಬೇಸರ ಮಾಡಿಕೊಳ್ಳುತ್ತಾರೆ. ವಿಶ್ರುತಣ್ಣ ಪುಸ್ತಕ ತೆರೆದು ತೋರಿಸಿದ. 'ನೋಡ್, ಇದ್ರಲ್ಲಿ ಬರ್ದಿದೆ. ಗೂಬೆ, ಕಾಗೆ, ನವಿಲು, ಯಾವ್ದು ಜೋರಾಗಿ ಕೂಗಿದ್ರೂ ಗಂಡು ಟರ್ಕಿಗೆ ತಡ್ಕೊಳ್ಳಕ್ಕಾಗಲ್ಲ, ಅದೂ ಕೂಗಿಬಿಡುತ್ತೆ. ಎಲ್ಲಿದೆ ಅಂತ ಪತಾ ಚಲ್ ಜಾತಾ ಹೈ. ತೂ ನವಿಲು ಮಾಡ್, ಮಸ್ತ್ ಲಗೇಗಾ.' ನಾನು ಮಾಡಿದೆ. ಎರಡೂ ಕೈಯನ್ನು ಬಾಯಿಗೆ ಬೊಗಸೆ ಹಿಡಿದು, ಹೊಟ್ಟೆಯಿಂದ, ಮೂರು ಸಲ. ಟರ್ಕಿಗಳು ಎಲ್ಲ ಕಡೆಯಿಂದ ಗೊಬಗೊಬ ಎಂದವು. ಗೆಸ್ಟುಗಳು ಚಪ್ಪಾಳೆ ತಟ್ಟಿದರು. ನನಗೂ ಖುಷಿಯಾಯಿತು, ಸುಳ್ಳು ಯಾಕೆ ಹೇಳಲಿ.

ಆ ಪುಸ್ತಕ ಬರೆದವನ ದೇಶದ ಕಾಡಿನಲ್ಲಿ ನವಿಲು ಇಲ್ಲ. ಅಲ್ಲಿ ನವಿಲಿನಂತೆ ಕೂಗಿದರೆ ಟರ್ಕಿ ಮಾತ್ರ ಓಗೊಡುತ್ತದೆ. ನಮ್ಮ ಗುಡ್ಡದ ತುಂಬ ನವಿಲು. ಪುಸ್ತಕದಲ್ಲಿ ಇರುವ ಹಾಗೇ ಮಾಡಿದೆವು, ಒಂದಕ್ಷರ ತಪ್ಪಲಿಲ್ಲ. ನವಿಲು ಬಂದರೆ ಎಂದು ನಮ್ಮಿಬ್ಬರಿಗೂ ಹೊಳೆಯಲಿಲ್ಲ. ಮೊದಲ ಎರಡು ಭಾನುವಾರ ಬರಲಿಲ್ಲ. ಭಾವುಬೀಜದ ದಿನ ಬಂತು. ನನ್ನ ಬೆನ್ನ ಹಿಂದಿನಿಂದಲೇ ಬಂದಿರಬೇಕು, ಒಣಗಿದ ಎಲೆಯ ಮೇಲೆ ಹೆಜ್ಜೆ ಕೇಳಿಸಿತು. ಟರ್ಕಿ ಎಂದುಕೊಂಡು ಮೂರನೆಯ ಸಲ ಕೂಗತೊಡಗಿದೆ. ಕೂಗು ಅರ್ಧಕ್ಕಿರುವಾಗ ಗನ್ ಸದ್ದಾಯಿತು. ಬೊಗಸೆ ಬಿಡಿಸುವಷ್ಟರಲ್ಲಿ ಅದು ಬಿದ್ದಿತ್ತು. ಎತ್ತುವಾಗ ಇನ್ನೂ ಬಿಸಿ ಇತ್ತು.

ಗನ್ ಅವನದು, ಒಪ್ಪುತ್ತೇನೆ. ಕರೆದದ್ದು ಯಾರು? ತನ್ನವನು ಯಾರೋ ಕರೆದ ಎಂದು ನಂಬಿ ಬಂದದ್ದನ್ನು ಕರೆದವನು ನಾನು. ರಾಯರು ಹೇಳಿಕೊಟ್ಟ ಸುಳ್ಳಿನಲ್ಲಿ ಅರ್ಧ ನಿಜ ಇದೆ ಎಂದು ನನಗೆ ಅನಿಸುತ್ತದೆ. ಅದಕ್ಕೇ ಒಪ್ಪಿದೆ. ನಿನ್ನ ಕೋಣೆಯೂ ಉಳಿಯುತ್ತದೆ.

ರಾತ್ರಿ ನಿದ್ದೆ ಬಾರದಿದ್ದರೆ ಗೋಡೆಗುಂಟ ನಡೆಯುತ್ತೇನೆ. ಮುಂಡಪ್ಪ ಕೆಳಗಿನಿಂದ ಸೂರು ನೋಡಿ 'ಏನ್ರೀ, ಮ್ಯಾರಥಾನ್ ಓಡ್ತೀರೇನು' ಎಂದರು.

ಕೋಪ ಮಾಡಿಕೊಳ್ಳಬೇಡ.

ಯಶ್ವಂತ್


ಡೊಂಬಿವಲಿ ಪೂರ್ವ
21 ನವೆಂಬರ್ 2024

ಪ್ರೀತಿಯ ತಮ್ಮಾ,

ನಿನ್ನ ಪತ್ರ ಇಂದು ಬಂತು. ನಾಳೆಯವರೆಗೆ ಕಾಯಲಾರೆ, ಸ್ಪೀಡ್ ಪೋಸ್ಟ್ ಮಾಡುತ್ತೇನೆ.

ಊಟದ ಬಿಡುವಿನಲ್ಲಿ ಇಯರ್‌ಫೋನ್ ಹಾಕಿ ವಿಡಿಯೋವನ್ನು ಮತ್ತೆ ಕೇಳಿದೆ. ನವಿಲು ಎಂದು ಕೇಳಿದಾಗ ದುಃಖ ಬಂದಿತ್ತು. ನೀನು ಎಂದು ಕೇಳಿದಾಗ ಬೇರೆಯೇ ಕೇಳಿಸಿತು. ಒಂದು ಕೂಗು ಪೂರ್ತಿ, ಇನ್ನೊಂದು ಪೂರ್ತಿ, ಮೂರನೆಯದು ಏರುತ್ತಿರುವಾಗಲೇ ಗುಂಡಿನ ಸದ್ದು. ಸದ್ದಾದ ಮೇಲೂ ಕೂಗು ಒಂದು ಕ್ಷಣ ಮುಂದುವರಿದು ತುಂಡಾಗುತ್ತದೆ. ನಾನು ಇದನ್ನು ಕಲ್ಪಿಸಿಕೊಂಡದ್ದಲ್ಲ. ಪಕ್ಕದ ಟೇಬಲಿನ ಸಂಜನಾಗೆ ಏನೂ ಹೇಳದೆ ಕೇಳಿಸಿದೆ. ಅವಳೂ ಅದನ್ನೇ ಹೇಳಿದಳು.

ಈಗ ನಿಧಾನವಾಗಿ ಓದು. ಎರಡೂ ಕೈ ಬಾಯಿಗೆ ಹಿಡಿದು ಕೂಗುತ್ತಿದ್ದವನು ಅದೇ ಹೊತ್ತಿಗೆ ಗನ್ ಹಾರಿಸಲಾರ. ಕೂಗಿದವನು ನೀನಾದರೆ ಹೊಡೆದವನು ನೀನಲ್ಲ. ಅದೂ ಅಲ್ಲದೆ ನೀನು ಒಬ್ಬನೇ ಹೋಗಿದ್ದರೆ ಆ ವಿಡಿಯೋ ತೆಗೆದವನು ಯಾರು? ವಕೀಲರು ಬರೆದಿಟ್ಟ ಹೇಳಿಕೆಯಲ್ಲಿ ಕೂಗಿನ ವಿಷಯ ಇಲ್ಲ, ಅಲ್ಲವೇ? ಇರಲಾರದು. ಎಲ್ಲರೂ ನನ್ನ ಹಾಗೆಯೇ ಅದನ್ನು ನವಿಲು ಎಂದುಕೊಂಡಿದ್ದಾರೆ. ನೀನು ಯಾವುದನ್ನು ನಿನ್ನ ಅಪರಾಧವೆಂದು ಮುಚ್ಚಿಟ್ಟೆಯೋ ಅದೊಂದೇ ನಿನ್ನ ಪರವಾಗಿ ಇರುವುದು.

ನಿನಗೆ ಏನೂ ಆಗುವುದಿಲ್ಲ ಎಂದು ನಾನು ಬರೆಯಲಾರೆ. ಕೂಗಿದ್ದಕ್ಕೂ ಕೇಳುತ್ತಾರೆ, ಅಡಗಿದ್ದಕ್ಕೂ ಕೇಳುತ್ತಾರೆ. ಬಹುಶಃ ಒಳಗೂ ಹಾಕುತ್ತಾರೆ. ನಿನ್ನ ದುಃಖ ನಿಜ, ಅದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಅದಕ್ಕೆ ಇನ್ನೊಬ್ಬನ ಅಪರಾಧವನ್ನು ಹೊದಿಸಬೇಡ. ಕೂಗಿದ್ದಕ್ಕೆ ಎಷ್ಟು ಶಿಕ್ಷೆಯೋ ಅಷ್ಟನ್ನು ನೀನು ಅನುಭವಿಸು, ನಾನು ಡಬ್ಬಿ ತರುತ್ತೇನೆ. ಹೊಡೆದದ್ದು ಹೊಡೆದವನಿಗೆ ಇರಲಿ.

ಅವರು ಕೂಗಿ ತೋರಿಸು ಎನ್ನಬಹುದು. ನಾಚಿಕೊಳ್ಳಬೇಡ, ಕೂಗು.

ಕೋಣೆಯ ಚಿಂತೆ ಬಿಡು. ಸಂಜನಾ ಕಲ್ಯಾಣದಲ್ಲಿ ಒಬ್ಬಳೇ ಇರುತ್ತಾಳೆ, ಜೊತೆಗೆ ಬಾ ಎಂದಿದ್ದಾಳೆ. ಎರಡು ಚೀಲ ಕಟ್ಟಿದ್ದೇನೆ. ಪುಸ್ತಕಗಳೇ ಹೆಚ್ಚು. ಗೋಡೆಯ ನವಿಲಿನ ಚಿತ್ರ ತೆಗೆಯಲು ಹೋದೆ, ಸುಣ್ಣದ ಸಮೇತ ಬಂತು. ಸತ್ಯಭಾಮಾ ಅಮ್ಮನ ಡಬ್ಬಿ ತೊಳೆದು ಇಟ್ಟಿದ್ದೇನೆ, ಹಿಂದಿರುಗಿಸಬೇಕು. ಅವರ ಮೇಲೆ ನನಗೆ ಸಿಟ್ಟು ಇಲ್ಲ. ನಾನು ಓದಿದ್ದು ಅವರ ಮನೆಯವರು ಓದಿಸಿದ್ದರಿಂದ. ಆ ಋಣಕ್ಕೆ ನಿನ್ನನ್ನು ಕೊಡಲಾರೆ, ಅಷ್ಟೇ.

ಸೋಮವಾರ ಬೆಳಿಗ್ಗೆ ಬದಲಾಪುರಕ್ಕೆ ಹೋಗುವ ಲೋಕಲ್ ಹತ್ತುತ್ತೇನೆ, ಏಳೂವರೆಯ ಸುಮಾರಿಗೆ ನಿನ್ನ ಸ್ಟೇಷನ್ನಿಗೆ ಬರುತ್ತದೆ. ಮುಂದಿನ ಲೇಡೀಸ್ ಡಬ್ಬಿಯ ಬಾಗಿಲಲ್ಲಿ ನಿಂತಿರುತ್ತೇನೆ. ವಡಾಪಾವ್ ಗಾಡಿಯ ಹತ್ತಿರ ನಿಲ್ಲುವವನು ಹಿಂಬಾಲಿಸಿದರೆ ಹಿಂಬಾಲಿಸಲಿ, ನಾವು ಹೋಗುವುದು ಅರಣ್ಯ ಇಲಾಖೆಯ ಕಚೇರಿಗೇ. ನೀನು ಪ್ಲಾಟ್‌ಫಾರ್ಮಿನಲ್ಲಿ ಇಲ್ಲದಿದ್ದರೆ ನಾನು ಇಳಿಯುವುದಿಲ್ಲ, ಮುಂದೆ ಹೋಗಿ ವಿಡಿಯೋವನ್ನು ನಾನೇ ಕೇಳಿಸುತ್ತೇನೆ. ನೀನು ಬರಲೇಬೇಕು ಎಂದು ಬರೆಯುವುದಿಲ್ಲ. ಇಷ್ಟು ದಿನ ಎಲ್ಲರೂ ನಿನಗೆ ಅದನ್ನೇ ಹೇಳಿದ್ದಾರೆ.

ನಿನ್ನ ಬಿದಿರಿನ ಗೂಡಿನ ಕೋಳಿಯ ವಿಷಯ ಮೊದಲ ಪತ್ರದಲ್ಲಿ ಬರೆದಿದ್ದೀ. ಅದನ್ನು ಇನ್ನೊಮ್ಮೆ ನೆನಪು ಮಾಡಿಕೋ.

ಅಕ್ಕ


ಉಲ್ಹಾಸನಗರ
23 ನವೆಂಬರ್ 2024, ಶನಿವಾರ

ಅಕ್ಕ,

ಇದನ್ನು ಅಂಚೆಗೆ ಹಾಕಿದರೆ ಸೋಮವಾರದ ಒಳಗೆ ತಲುಪುವುದಿಲ್ಲ. ನಾಳೆ ಮುಂಡಪ್ಪನವರಿಗೆ ರಜೆ, ತಾನೇ ತಂದು ಕೊಡುತ್ತೇನೆ ಎಂದಿದ್ದಾರೆ. ಅವರಿಗೆ ಎಲ್ಲ ಹೇಳಿದೆ. ಕತ್ತರಿಯನ್ನು ಮೇಜಿನ ಮೇಲೆ ಇಟ್ಟರು. 'ನಿಮ್ ಸೇಠ್ ಬಾಗ್ಲಿಗಿ ಕೀಲಿ ಯಾಕ್ ಹಾಕಿಲ್ಲ ಗೊತ್ತದ ಏನ್ರೀ? ಕೀಲಿ ರೊಕ್ಕ ದಂಡ ಅಂತ' ಎಂದರು. ಆಮೇಲೆ ನನ್ನನ್ನು ಕೆಳಗೆ ಕರೆದುಕೊಂಡು ಹೋಗಿ ರಸ್ತೆಯ ಗಾಡಿಯಲ್ಲಿ ಚಹಾ ಕುಡಿಸಿದರು. ಯಾರೂ ನನ್ನನ್ನು ನೋಡಲಿಲ್ಲ. ಹದಿನೈದು ದಿನಗಳಿಗಿಂತ ಹೆಚ್ಚು ನಾನು ಯಾರಿಂದ ಅಡಗಿದ್ದೆ ಎಂದು ಯೋಚಿಸುವಷ್ಟರಲ್ಲಿ ಚಹಾ ಆರಿಹೋಯಿತು.

ಲಕ್ಷ್ಮೀಕಾಂತಣ್ಣ ಇವತ್ತಿನ ಡಬ್ಬಿ ತಂದಾಗ ನಿಮಗೆ ಅನ್ನದ ಅಗುಳು ಎಲ್ಲಿ ಸಿಗುತ್ತದೆ ಎಂದು ಕೇಳಬೇಕೆಂದಿದ್ದೆ. ಕೇಳಲಿಲ್ಲ. ಅವರಿಗೂ ಮೂರು ಮಕ್ಕಳು, ರಾಯರ ಚಾಳಿನಲ್ಲೇ ಕೋಣೆ. ಸೋಮವಾರದ ತಿಂಡಿಗೆ ಏನು ಬೇಕು ಎಂದು ಕೇಳಿದರು. ಇಡ್ಲಿ ಎಂದೆ. ಕಾರು ಹತ್ತು ಗಂಟೆಗೆ ಬರುತ್ತದಂತೆ.

ನಿನ್ನ ಕಾದಂಬರಿ ಅರ್ಧಕ್ಕೆ ನಿಂತಿದೆ. ಆ ಮೂರು ಹೆಸರಿನವನು ತನ್ನ ಕೋಣೆಯಿಂದ ಹೊರಗೆ ಬರುತ್ತಾನೋ ಇಲ್ಲವೋ ನೀನು ಹೇಳಬೇಡ. ಚೀಲಕ್ಕೆ ಹಾಕಿದ್ದೇನೆ. ಒಳಗೆ ಕೂರಬೇಕಾಗಿ ಬಂದರೆ ಓದಲು ಬೇಕು.

ಈಗ ಮಧ್ಯಾಹ್ನ. ಕೆಳಗೆ ಮಿಶಿನ್‌ಗಳು ಓಡುತ್ತಿವೆ. ಚಪ್ಪಲಿಯನ್ನು ಬಾಗಿಲ ಕಡೆಗೆ ತಿರುಗಿಸಿ ಇಟ್ಟಿದ್ದೇನೆ. ಚಿಲಕ ತೆಗೆದೇ ಇದೆ. ಸೋಮವಾರ ಬೆಳಿಗ್ಗೆ ಇಡ್ಲಿ ಬರುವ ಮೊದಲು ಹೊರಡುತ್ತೇನೆ. ಲೇಡೀಸ್ ಡಬ್ಬಿಯ ಹಿಂದಿನ ಡಬ್ಬಿ ಹತ್ತುತ್ತೇನೆ. ಬದಲಾಪುರದಲ್ಲಿ ಇಳಿದ ಮೇಲೆ ನೀನು ಮುಂದೆ ನಡೆಯಬೇಡ, ಪಕ್ಕದಲ್ಲಿ ನಡೆ.

ಅವರ ಮುಂದೆ ಮೊದಲ ಮಾತು ಯಾವುದು ಎಂದು ನಿನ್ನೆಯಿಂದ ಹೇಳಿ ಹೇಳಿ ನೋಡಿದೆ. ರಾಯರಿಂದ ಶುರು ಮಾಡಿದರೆ ದೂರು ಹೇಳಿದ ಹಾಗೆ ಆಗುತ್ತದೆ, ವಿಶ್ರುತಣ್ಣನಿಂದ ಶುರು ಮಾಡಿದರೆ ತಪ್ಪಿಸಿಕೊಂಡ ಹಾಗೆ. ಕೊನೆಗೆ ಒಂದು ಸಿಕ್ಕಿತು. ಕುರ್ಚಿ ಕೊಟ್ಟರೂ ಕೂರುವುದಿಲ್ಲ. ನಿಂತುಕೊಂಡೇ ಹೇಳುತ್ತೇನೆ: ಕೂಗಿದ್ದು ನಾನು.

ಯಶ್ವಂತ್